ಇಂಚು, ಸೆಂಟು ಮತ್ತು ಪತಂಗದ ಲೆಕ್ಕ

ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಬಂದ ಹೊಸದರಲ್ಲಿ ಇಲ್ಲಿನ ನಿಸರ್ಗ ಸಂಘವೊಂದರ ಜೊತೆ ಹೊರಟೆ. ಬೈನಾಕ್ಯುಲರ್ ಕುತ್ತಿಗೆಗೆ ಹಾಕಿಕೊಂಡು ಜೋರಾಗಿಯೇ ಹೋಗಿದ್ದೆ. ಅಲ್ಲಿ ನನ್ನ ಕೈಗೆ ಕೊಟ್ಟಿದ್ದು ಮೊಟ್ಟೆಯ ಟ್ರೇ.

ಜುಲೈ ತಿಂಗಳು, ಶನಿವಾರ ಬೆಳಗ್ಗೆ ಏಳು ಗಂಟೆ. ಯಾರದೋ ಹಿತ್ತಿಲಲ್ಲಿ ಹತ್ತು ಹನ್ನೆರಡು ಜನ ಒಂದು ಪೆಟ್ಟಿಗೆಯ ಸುತ್ತ ಬಗ್ಗಿ ನಿಂತಿದ್ದರು. ರಾತ್ರಿಯೆಲ್ಲ ಅದರ ಮೇಲೆ ಕಣ್ಣು ಕೋರೈಸುವ ದೀಪ ಉರಿದಿತ್ತು. ಬೆಳಕಿಗೆ ಬಂದ ಪತಂಗಗಳು ಪೆಟ್ಟಿಗೆಗೆ ಇಳಿದು, ಒಳಗೆ ಜೋಡಿಸಿದ್ದ ಮೊಟ್ಟೆ ಟ್ರೇಗಳ ಗುಳಿಗಳಲ್ಲಿ ತೆಪ್ಪಗೆ ಕೂತಿದ್ದವು. ಒಬ್ಬರು ಟ್ರೇ ಎತ್ತಿ ಹೆಸರು ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಮುಗಿದ ಮೇಲೆ, ಹಕ್ಕಿಗಳ ಬಾಯಿಗೆ ಬೀಳದ ಹಾಗೆ, ಪೊದೆಯ ಅಡಿಗೆ ಮೆಲ್ಲಗೆ ಕೊಡವಿ ಬಿಡುವುದು. ಮಳೆಗಾಲದಲ್ಲಿ ಹುಳ ಬಂತು ಅಂತ ದೀಪ ಆರಿಸಿ, ಕತ್ತಲಲ್ಲೇ ಅನ್ನ ಸಾರು ಉಂಡು ಬೆಳೆದವನು ನಾನು. ಹುಳವನ್ನು ಕರೆಯೋದಕ್ಕೆ ಅಂತಲೇ ದೀಪ ಹಚ್ಚುವವರನ್ನು ಅದೇ ಮೊದಲು ನೋಡಿದ್ದು.

ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದೇ ಜಾತಿಯದ್ದು, ಹಳದಿ ಒಳರೆಕ್ಕೆಯದು, ಮೂವತ್ತೋ ನಲವತ್ತೋ ಆಯಿತು. "ಇದು ದಿನಾ ಬರೋದೇ ಅಲ್ವಾ, ಎಣಿಸಲೇಬೇಕಾ?" ಅಂತ ಕೇಳಿದೆ. ಹಿತ್ತಿಲಿನ ಯಜಮಾನಿ ನಕ್ಕು, "ಹೋದ ವರ್ಷ ಇದೇ ವಾರ ಎಷ್ಟು ಬಂದಿತ್ತು, ನಿಮಗೆ ಗೊತ್ತಾ?" ಅಂದರು. ಅವರಿಗೆ ಗೊತ್ತಿತ್ತು. ಅದರ ಹಿಂದಿನ ವರ್ಷದ್ದೂ ಗೊತ್ತಿತ್ತು.

ಬ್ರಿಟನ್‌ನಲ್ಲಿ ಚಿಟ್ಟೆಗಳು ಸುಮಾರು 60 ಜಾತಿ. ನಮ್ಮ ಪಶ್ಚಿಮ ಘಟ್ಟದಲ್ಲಿ 330ಕ್ಕೂ ಜಾಸ್ತಿ. ಇರೋದು ಕಡಿಮೆ ಅಂತಲೇ ಇವರಿಗೆ ಇಷ್ಟೊಂದು ಕಾಳಜಿ ಇರಬೇಕು ಎಂದು ಮೊದಮೊದಲು ಮನಸ್ಸಿನಲ್ಲೇ ಗೇಲಿ ಮಾಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಯಾರು ಏನು ಕಂಡರೂ ಅದು ಎಲ್ಲಿಗೆ ಹೋಗಿ ಸೇರಬೇಕು ಅನ್ನುವುದು ಇಲ್ಲಿ ನಿಕ್ಕಿಯಾಗಿದೆ. ವಿಷಯ ಇರೋದೇ ಅಲ್ಲಿ.

ಎಚ್. ಸಿ. ವಾಟ್ಸನ್ ಎಂಬ ಸಸ್ಯಶಾಸ್ತ್ರಜ್ಞ 1852ರಲ್ಲಿ ಬ್ರಿಟನ್ ನೆಲವನ್ನು 112 ಭಾಗ ಮಾಡಿದ. ಗಿಡಗಳ ಲೆಕ್ಕಕ್ಕೆಂದೇ ಎಳೆದ ಗೆರೆ ಅದು. ಸರ್ಕಾರ ಜಿಲ್ಲೆಗಳನ್ನು ಹೇಗೆ ಬೇಕಾದರೂ ಕೂಡಿಸಲಿ, ಕಳೆಯಲಿ, ಈ ಗೆರೆ ಕದಲುವುದಿಲ್ಲ. ಇಂದಿಗೂ ಅದೇ ಲೆಕ್ಕ. ನಮ್ಮಲ್ಲಿ ಹಳೇ ಪುಸ್ತಕದಲ್ಲಿ 'ಬಳ್ಳಾರಿ ಜಿಲ್ಲೆ, ಹಂಪಿ' ಅಂತ ಇದ್ದರೆ 2021ರಿಂದ ಅದು ವಿಜಯನಗರ ಜಿಲ್ಲೆ. ಊರಿನ ಹೆಸರೂ ಬರೆದಿದ್ದರೆ ಸರಿ. ಬರೀ ಜಿಲ್ಲೆಯ ಹೆಸರು ಬರೆದಿಟ್ಟ ಹಕ್ಕಿಯನ್ನು ಎಲ್ಲಿ ಹುಡುಕೋದು? ಬ್ರಿಸ್ಟಲ್‌ನ ಸುತ್ತಲೂ ಏವನ್ ಅಂತ ಒಂದು ಜಿಲ್ಲೆ ಇತ್ತು. 1974ರಲ್ಲಿ ಹುಟ್ಟಿ 1996ರಲ್ಲಿ ಹೋಯಿತು. 1862ರಲ್ಲಿ ಶುರುವಾದ ಇಲ್ಲಿನ ಬ್ರಿಸ್ಟಲ್ ನ್ಯಾಚುರಲಿಸ್ಟ್ಸ್ ಸೊಸೈಟಿಯ ಪತ್ರಿಕೆಯ ಹೆಸರು 'ನೇಚರ್ ಇನ್ ಏವನ್'. ಜಿಲ್ಲೆ ಹೋದರೂ ಪತ್ರಿಕೆಯಲ್ಲಿ ಅದರ ಹೆಸರು ಉಳಿಯಿತು.

ಊರೊಳಗೇ ಏವನ್ ನದಿಯ ಕಮರಿ ಇದೆ. 1864ರ ಕ್ಲಿಫ್ಟನ್ ತೂಗುಸೇತುವೆ ನೋಡಲು ಬರುವವರು ಸೇತುವೆಯ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಸಂಘದವರ ಕಣ್ಣು ಮಾತ್ರ ಕೆಳಗಿನ ಬಂಡೆಯ ಮೇಲೆ. ಅಲ್ಲಿನ ಬ್ರಿಸ್ಟಲ್ ವೈಟ್‌ಬೀಮ್ ಮರ ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಪೊದೆ ಬೆಳೆದು ಬಂಡೆಯ ಸಣ್ಣ ಗಿಡಗಳಿಗೆ ಬಿಸಿಲು ಬೀಳದಂತಾದಾಗ 2011ರಲ್ಲಿ ಆಡುಗಳನ್ನು ತಂದು ಬಿಟ್ಟರು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ನಮ್ಮ ಗಾದೆಯನ್ನು ಒಬ್ಬರಿಗೆ ಹೇಳಿದೆ. ಅವರು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು!

ಇನ್ನು ದೂರು. ಇವರ ಹೊರಸಂಚಾರದಲ್ಲಿ ಹನ್ನೊಂದು ಗಂಟೆಗೆ ಚಹಾದ ವಿರಾಮ. ಒಬ್ಬೊಬ್ಬರೂ ಒಂದೊಂದು ಕಲ್ಲು ಹಿಡಿದು, ತಮ್ಮ ಫ್ಲಾಸ್ಕ್ ತಾವು ತೆಗೆದು, ತಮ್ಮ ಸ್ಯಾಂಡ್‌ವಿಚ್ ತಾವು ತಿನ್ನುತ್ತಾರೆ. ನಾನು ಚಕ್ಕುಲಿ ಡಬ್ಬಿ ಮುಂದೆ ಹಿಡಿದಾಗ ಒಂದು ಕ್ಷಣ ಗಲಿಬಿಲಿಯಾದರು. ಈಗ ಅಭ್ಯಾಸವಾಗಿದೆ, ಡಬ್ಬಿ ಎಲ್ಲಿ ಅಂತ ಅವರೇ ಕೇಳುತ್ತಾರೆ. ಚಳಿಗಾಲದಲ್ಲಿ ಸಭಾಂಗಣದಲ್ಲಿ ಉಪನ್ಯಾಸ. ಅದಕ್ಕೂ ಮೊದಲು ಕೆಲವೊಮ್ಮೆ ಹಿಂದಿನ ಸಭೆಯ ನಡವಳಿ, ಖಜಾಂಚಿಯ ಲೆಕ್ಕ, ಅನುಮೋದನೆ. ನಿದ್ದೆ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಸುತ್ತ ನೋಡಿದರೆ ಬರೀ ಬೆಳ್ಳಿ ಕೂದಲು. ನಾನು ಹೋಗುವ ಸಂಘದಲ್ಲಿ ನಲವತ್ತೈದರ ನಾನೇ 'ಯುವಕ'. ಮುಂದೆ ಟ್ರೇ ಎತ್ತುವವರು ಯಾರು ಅನ್ನುವ ಚಿಂತೆ ಅವರಿಗೂ ಇದೆ.

ಆಗೆಲ್ಲ ಲಾಲ್‌ಬಾಗ್ ನೆನಪಾಗುತ್ತದೆ. ಬೆಂಗಳೂರಿನ ಪಕ್ಷಿವೀಕ್ಷಕರ ಫೀಲ್ಡ್ ಕ್ಲಬ್ ಶುರುವಾದದ್ದು 1970ರ ದಶಕದ ಆರಂಭದಲ್ಲಿ. ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಗಾಜಿನ ಮನೆ ಹತ್ತಿರ ಹೋಗಿ ನಿಂತರೆ ಸಾಕು. ಕಾಲೇಜು ದಿನಗಳಲ್ಲಿ ನಾನು ಹೋಗುತ್ತಿದ್ದಾಗ ಚಂದಾ ಯಾರೂ ಕೇಳಲಿಲ್ಲ, ಅರ್ಜಿ ತುಂಬಿಸಲಿಲ್ಲ. ಅಪ್ಪನ ಕೈ ಹಿಡಿದ ಮಕ್ಕಳು, ಅಜ್ಜಂದಿರು, ಕಾಲೇಜು ಹುಡುಗಿಯರು, ವಾಕಿಂಗ್‌ಗೆ ಬಂದು ಸುಮ್ನೆ ಸೇರಿಕೊಂಡವರು. ಮರದ ಪೊಟರೆಯಲ್ಲಿ ತೂಕಡಿಸುವ ಹಾಲಕ್ಕಿಯನ್ನು ಮೊದಲ ಸಲ ನನಗೆ ತೋರಿಸಿದವರ ಹೆಸರು ಇವತ್ತಿಗೂ ಗೊತ್ತಿಲ್ಲ. ತಮ್ಮ ಬೈನಾಕ್ಯುಲರ್ ಬಿಚ್ಚಿ ನನ್ನ ಕೈಗಿಟ್ಟು, "ನೋಡು ಮಗಾ, ಆತುರ ಬೇಡ" ಅಂದಿದ್ದರು. ಆಮೇಲೆ ಎಂಟಿಆರ್‌ನಲ್ಲಿ ದೋಸೆಗೆ ಕಾಯುತ್ತಾ ಕಂಡದ್ದು, ತಪ್ಪಿಸಿಕೊಂಡದ್ದು ಎಲ್ಲದರ ಹರಟೆ. ಬಾಗಿಲು ಇಷ್ಟು ಅಗಲಕ್ಕೆ ತೆರೆದಿಡುವುದನ್ನು ಇಲ್ಲಿಯವರು ನಮ್ಮಿಂದ ಕಲಿಯಬೇಕು. ನಾನು ಅದನ್ನು ಸಭೆಯಲ್ಲೂ ಹೇಳಿದ್ದೇನೆ. ನಡವಳಿಯಲ್ಲಿ ದಾಖಲಾಗಿದೆ.

ಆದರೆ ದೋಸೆ ಕಾಯುತ್ತಾ ಆಡಿದ ಆ ಹರಟೆ ಎಲ್ಲಿ ಹೋಯಿತು? ಬೆಂಗಳೂರಲ್ಲಿ ಬರೆದಿಡುವವರು ಆಗಲೂ ಇದ್ದರು, ಈಗ ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕುವ ಹುಡುಗರು ಬೇಕಾದಷ್ಟಿದ್ದಾರೆ. ನನಗೆ ಸಂಕಟ ಆಗೋದು ತಾಲ್ಲೂಕು, ಹಳ್ಳಿಗಳ ವಿಷಯದಲ್ಲಿ. ನನ್ನ ಹೈಸ್ಕೂಲಿನ ಮೇಷ್ಟ್ರೊಬ್ಬರು ಶಾಲೆಯ ಕೆರೆಗೆ ಬರುವ ಬಾತುಗಳನ್ನು ಪ್ರತಿ ಚಳಿಗಾಲ ಎಣಿಸಿ ಡೈರಿಯಲ್ಲಿ ಬರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಡೈರಿಗಳು ಹಳೇ ಪೇಪರ್ ಜೊತೆ ಗುಜರಿಗೆ ಹೋದವು. ಮನೆಯವರನ್ನು ಬೈಯುವ ಹಾಗಿಲ್ಲ. ಅದನ್ನು ಯಾರಿಗೆ ಕೊಡಬೇಕು ಅಂತ ಅವರಿಗೆ ಹೇಳುವವರು ಯಾರಿದ್ದರು? ಬ್ರಿಸ್ಟಲ್‌ನಲ್ಲಾಗಿದ್ದರೆ ಅಂತ್ಯಕ್ರಿಯೆಗೆ ಬಂದ ಸಂಘದವರೇ ಮೆಲ್ಲಗೆ ಕೇಳುತ್ತಿದ್ದರು, ಪುಸ್ತಕಗಳೆಲ್ಲಿ ಅಂತ.

ನಮ್ಮವರಿಗೆ ಬರೆಯುವ ಅಭ್ಯಾಸ ಇಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಸಕಲೇಶಪುರದ ಕಡೆ ಕಾಫಿ ತೋಟದವರ ಮನೆಗೆ ಹೋಗಿ ನೋಡಿ. ಅಂಗಳದಲ್ಲಿ ಮಳೆಮಾಪಕ, ಜಗಲಿಯಲ್ಲಿ ಮಳೆ ಪುಸ್ತಕ. ಇವತ್ತು ಒಂದಿಂಚು ಇಪ್ಪತ್ತು ಸೆಂಟು, ನಿನ್ನೆ ನಲವತ್ತು ಸೆಂಟು. ಸೆಂಟು ಅಂದರೆ ಇಂಚಿನ ನೂರರಲ್ಲೊಂದು ಭಾಗ. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು ಅಂತ ಅಜ್ಜನ ಕಾಲದಿಂದ ತೆಗೆದು ತೋರಿಸುವವರಿದ್ದಾರೆ. ನಮ್ಮ ದೊಡ್ಡಪ್ಪನ ಪುಸ್ತಕದಲ್ಲಿ ಅಂಚಿನಲ್ಲಿ ಇನ್ನೂ ಏನೇನೋ ಇದೆ. 'ಜೀರುಂಡೆ ಶುರು.' 'ಅತ್ತಿಮರಕ್ಕೆ ಮಂಗಟ್ಟೆ ಬಂತು, ಎರಡು.' 'ರಾತ್ರಿ ಆನೆ, ಬಾಳೆ ಹೋಯ್ತು.' ಊರಿಗೆ ಐದಾರು ಜನ ಸೇರಿ ವರ್ಷಕ್ಕೊಮ್ಮೆ ಇಂಥ ಪುಸ್ತಕಗಳನ್ನು ಒಟ್ಟಿಗೆ ಕೂತು ಓದಿ, ಫೋಟೋ ತೆಗೆದು, ಹೋಬಳಿಯ ಲೈಬ್ರರಿಯಲ್ಲಿ ಒಂದು ಪ್ರತಿ ಇಟ್ಟರೂ ಸಾಕು. ಅದೇ ಒಂದು ನಿಸರ್ಗ ಸಂಘ. ಕಾಫಿ, ಅಕ್ಕಿರೊಟ್ಟಿ ಹೇಗೂ ಇದ್ದೇ ಇರುತ್ತದೆ.

ಡಿಸೆಂಬರ್‌ಗೆ ಊರಿಗೆ ಬರುತ್ತೇನೆ, ಹಳೇ ಮಳೆ ಪುಸ್ತಕವೆಲ್ಲ ತೆಗೆದಿಡಿ ಅಂತ ಮೊನ್ನೆ ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ಅದ್ರಲ್ಲಿ ಎಂಥ ಇದೆ ಮಾರಾಯ, ಬರೀ ಮಳೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಪುಸ್ತಕ ಗೆದ್ದಲು ಹಿಡಿದಿದೆ. ಉಳಿದದ್ದು ಅಟ್ಟದ ಮೇಲಿದೆ, ನೀನೇ ಬಂದು ಇಳಿಸು" ಅಂದರು.