ಸ್ಪಷ್ಟನೆ: ಪಿಎಂ 2.5 ಅಂಕಿ ಒಂದೇ ಆದರೂ ಅಪಾಯ ಒಂದೇ ಅಲ್ಲ

ಎರಡು ಕಡೆ ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳ ಪ್ರಮಾಣ ಒಂದೇ ಇದ್ದರೆ ಗಾಳಿಯ ಅಪಾಯವೂ ಒಂದೇ ಎಂಬ ಮಾತು ಹರಿದಾಡುತ್ತಿದೆ, ಇದು ಸರಿಯಲ್ಲ. ಆ ಅಂಕಿ 2.5 ಮೈಕ್ರೋಮೀಟರ್ ಹಾಗೂ ಅದಕ್ಕಿಂತ ಕಡಿಮೆ ವ್ಯಾಸದ ಕಣಗಳ ಒಟ್ಟು ತೂಕವನ್ನಷ್ಟೇ ಹೇಳುತ್ತದೆ, ಅವು ಯಾವುದರಿಂದ ಆಗಿವೆ ಎಂಬುದನ್ನಲ್ಲ. ಸಮುದ್ರದ ಉಪ್ಪಿನ ಕಣ ಶ್ವಾಸಕೋಶದ ತೇವದಲ್ಲಿ ಸುಲಭವಾಗಿ ಕರಗಿಹೋಗುತ್ತದೆ. ಆದರೆ ಡೀಸೆಲ್ ಮಸಿಗೆ ಅಂಟಿಕೊಂಡು ಬರುವ ಕ್ವಿನೋನ್‌ಗಳಂಥ ಸಾವಯವ ರಾಸಾಯನಿಕಗಳು, ವಾಹನಗಳ ಬ್ರೇಕ್ ಸವೆದು ಗಾಳಿಗೆ ಸೇರುವ ತಾಮ್ರ ಮತ್ತು ಕಬ್ಬಿಣ, ಜೀವಕೋಶಗಳನ್ನು ಘಾಸಿಗೊಳಿಸುವ ಕ್ರಿಯಾಶೀಲ ಆಮ್ಲಜನಕ ರೂಪಗಳನ್ನು ಹುಟ್ಟಿಸಿ ಉರಿಯೂತಕ್ಕೆ ದಾರಿ ಮಾಡುತ್ತವೆ. ಹಾಗೆಂದು ಅಂಕಿಯೇ ನಿರರ್ಥಕ ಎನ್ನುವುದು ಇನ್ನೊಂದು ಅತಿರೇಕ: ಯಾವ ಘಟಕ ಎಷ್ಟು ಹಾನಿಕರ ಎಂಬ ಸರ್ವಸಮ್ಮತ ಶ್ರೇಣಿ ಇನ್ನೂ ಸಿದ್ಧವಾಗಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯೂ ವಾರ್ಷಿಕ ಸರಾಸರಿಯ ಮಿತಿಯನ್ನು ಘನಮೀಟರಿಗೆ 5 ಮೈಕ್ರೋಗ್ರಾಂ ಎಂದು ತೂಕದಲ್ಲೇ ನಿಗದಿಪಡಿಸಿದೆ.