ಬಲವಂತವಿಲ್ಲದೆಯೂ ಆಗಿದೆ

ಆಸ್ಪತ್ರೆಗಳಿಗೆ ಫಲಿತಾಂಶ ನೋಡಿ ಹಣ ಕೊಡುವ ಪದ್ಧತಿ ಸರ್ಕಾರ ಹೇರದೆ ಬರುವುದಿಲ್ಲ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಪೂರ್ತಿ ಒಪ್ಪಲಾರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬ್ಲೂ ಕ್ರಾಸ್ ಬ್ಲೂ ಶೀಲ್ಡ್ ವಿಮಾ ಸಂಸ್ಥೆ 2009ರಲ್ಲಿ ವೈದ್ಯರ ಗುಂಪುಗಳೊಂದಿಗೆ ಮಾಡಿಕೊಂಡ ಕರಾರಿಗೆ ಯಾರ ಆದೇಶವೂ ಇರಲಿಲ್ಲ, ಬೇಕಾದವರು ಸೇರಿದರು. ಅವಧಿ ಐದು ವರ್ಷ. ರೋಗಿಗಳ ಇಡೀ ವರ್ಷದ ಆರೈಕೆಗೆ ಒಂದು ಮೊತ್ತ ಗೊತ್ತುಮಾಡುವುದು, ಉಳಿದರೆ ಅದರಲ್ಲಿ ವೈದ್ಯರಿಗೆ ಪಾಲು, ಮೀರಿದರೆ ನಷ್ಟದಲ್ಲೂ ಪಾಲು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಹತೋಟಿಯಲ್ಲಿಟ್ಟ ವೈದ್ಯರಿಗೆ ಬೇರೆ ಬೋನಸ್. ಚಿಕಿತ್ಸೆಯನ್ನೇ ಕತ್ತರಿಸಿ ಹಣ ಉಳಿಸುವ ದುರಾಸೆಗೆ ಹಾಕಿದ ಮೂಗುದಾರ ಅದು. ಖರ್ಚಿನ ಏರಿಕೆ ನಿಧಾನವಾದದ್ದು, ಗುಣಮಟ್ಟ ಸುಧಾರಿಸಿದ್ದು ನಂತರದ ಅಧ್ಯಯನಗಳಲ್ಲಿ ಕಂಡುಬಂತು.

ಸ್ವಯಂಪ್ರೇರಣೆಯಲ್ಲಿ ಹುಳುಕಿಲ್ಲ ಎನ್ನುತ್ತಿಲ್ಲ. ಗೆಲ್ಲುವ ಭರವಸೆ ಇದ್ದವರೇ ಮೊದಲು ಕೈಯೆತ್ತುತ್ತಾರೆ, ಉಳಿದವರು ಒಂದೊಂದು ಚಿಕಿತ್ಸೆಗೂ ಬಿಲ್ ಮಾಡುವ ಹಳೆಯ ಪದ್ಧತಿಯಲ್ಲೇ ಸುಖವಾಗಿರುತ್ತಾರೆ. ಆದರೆ ಕಡ್ಡಾಯ ಮಾಡಿದರೂ ಅದು ನಿಲ್ಲುತ್ತದೆಂಬ ಖಾತ್ರಿಯಿಲ್ಲ. ಅಮೆರಿಕ ಸರ್ಕಾರ ಮುಖ್ಯವಾಗಿ ಹಿರಿಯರಿಗಾಗಿ ನಡೆಸುವ ಆರೋಗ್ಯ ವಿಮೆ ಮೆಡಿಕೇರ್ 2016ರಲ್ಲಿ ಮಂಡಿ ಮತ್ತು ಸೊಂಟದ ಕೀಲು ಬದಲಾವಣೆಗೆ 67 ನಗರ ಪ್ರದೇಶಗಳಲ್ಲಿ ಒಟ್ಟು ವೆಚ್ಚದ ಹೊಣೆಯನ್ನು ಆಸ್ಪತ್ರೆಗಳಿಗೆ ಕಡ್ಡಾಯ ಮಾಡಿತು. ಎರಡೇ ವರ್ಷದಲ್ಲಿ 33 ಕಡೆ ಅದು ಐಚ್ಛಿಕವಾಯಿತು! ಈ ಹಗ್ಗಜಗ್ಗಾಟದ ಪ್ರಸ್ತಾಪವೇ ಲೇಖನದಲ್ಲಿಲ್ಲ.