ಶಿಬಿರ ಮುಚ್ಚಿದ ಮಾತ್ರಕ್ಕೆ ಊರು ಸೇರಿದಂತಲ್ಲ

ಶ್ರೀಲಂಕಾದ ಯುದ್ಧ 2009ರ ಮೇ ತಿಂಗಳಲ್ಲೇ ಮುಗಿಯಿತು, ನಿರಾಶ್ರಿತರೆಲ್ಲ ಆಗಲೇ ಊರಿಗೆ ಮರಳಿದರು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತದೆ. ಮೊದಲ ಮಾತು ನಿಜ, ಎರಡನೆಯದು ತಪ್ಪು.

ಯುದ್ಧ ಮುಗಿದಾಗ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಶಿಬಿರಗಳಲ್ಲಿದ್ದರು. ಉತ್ತರದ ವವುನಿಯಾ ಬಳಿಯ ಮೆಣಿಕ್ ಫಾರ್ಮ್ ಎಂಬ ದೊಡ್ಡ ಶಿಬಿರ ಮುಚ್ಚಿದ್ದು 2012ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಕೊನೆಗೆ ಹೊರಟ ಕೆಪ್ಪಾಪುಲವು ಗ್ರಾಮದವರಿಗೆ ಸಿಕ್ಕಿದ್ದು ಬೇರೆ ಜಾಗ; ಅವರ ಹೊಲಮನೆ ಸೇನೆಯ ವಶದಲ್ಲಿತ್ತು. ಜಾಫ್ನಾದ ವಲಿಕಾಮಂ ಉತ್ತರದಲ್ಲಿ 1990ರಲ್ಲಿ ಮನೆ ಬಿಟ್ಟವರಲ್ಲಿ ಹಲವರು ಕಾಲು ಶತಮಾನ ಕಾದರು. ಜಮೀನು ಕೈಗೆ ಬಂದರೂ ಹಲವೆಡೆ ಮೊದಲು ನೆಲಬಾಂಬ್ ತೆಗೆಯಬೇಕು, ಅದು ಮಣ್ಣನ್ನು ಅಂಗುಲ ಅಂಗುಲವಾಗಿ ಕೆದಕುವ ಕೆಲಸ.

 

ಆ ಸಂದೇಶ ಹಂಚಿದವರನ್ನು ದೂರಬೇಕಿಲ್ಲ. ‘ಶಿಬಿರ ಬಂದ್’ ಎಂದು ಓದಿದರೆ ಯಾರಿಗಾದರೂ ಹಾಗೇ ಅನಿಸೀತು. ಇಂಥ ಸಂದೇಶದಲ್ಲಿ ಅಂಕಿ ಕಂಡರೆ ಶಿಬಿರ ಬಿಟ್ಟವರೆಷ್ಟು, ಸ್ವಂತ ಜಮೀನಿಗೆ ಮರಳಿದವರೆಷ್ಟು ಎಂದು ಬೇರೆ ಬೇರೆಯಾಗಿ ಹುಡುಕಿ. ಊರಿನ ಹೆಸರು, ತಾರೀಕು ಎರಡೂ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಜೊತೆಗಿರುವ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಅದು ಹಿಂದೆ ಎಲ್ಲಿ ಪ್ರಕಟವಾಗಿತ್ತೆಂದು ಎಷ್ಟೋ ಸಲ ತಿಳಿದುಬಿಡುತ್ತದೆ.